ಬಾಲಮಂದಿರ ಬಿಟ್ಟವರ ಸೂರು: ಕಾರ್ಯಕ್ರಮವನ್ನು ಅಳೆಯುವ ಕ್ರಮ ಬದಲಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಗೆ ಇಲಾಖೆಗಳು ತರುವ ಪ್ರಗತಿ ಪಟ್ಟಿಯಲ್ಲಿ ಮುಖ್ಯವಾಗಿ ನಾಲ್ಕು ಕಲಂ ಇರುತ್ತವೆ: ಭೌತಿಕ ಗುರಿ, ಭೌತಿಕ ಸಾಧನೆ, ಆರ್ಥಿಕ ಗುರಿ, ಆರ್ಥಿಕ ಸಾಧನೆ. ಚರಂಡಿಗೋ ಕೃಷಿಹೊಂಡಕ್ಕೋ ಈ ಲೆಕ್ಕ ಒಂದು ಮಟ್ಟಿಗೆ ಸಾಕು. 18 ತುಂಬಿತೆಂದು ಬಾಲಮಂದಿರದಿಂದಲೋ ಪೋಷಕ ಕುಟುಂಬದಿಂದಲೋ (ಹೆತ್ತವರ ಬದಲು ಸಾಕುವ ಕುಟುಂಬ) ಹೊರಬೀಳುವ ಹುಡುಗ ಹುಡುಗಿಯರ ಅನುಪಾಲನೆಯನ್ನೂ, ಅಂದರೆ ಹೊರಬಂದ ಮೇಲೆ ಕೊಡುವ ನೆರವನ್ನೂ, ಇದೇ ಅಚ್ಚಿಗೆ ಹಾಕಿ ನೋಡುವುದು ರೂಢಿಯಾಗಿಬಿಟ್ಟಿದೆ. ಎಷ್ಟು ಜನರಿಗೆ ತರಬೇತಿ ಆಯಿತು, ಎಷ್ಟು ಹಣ ಖರ್ಚಾಯಿತು ಎಂಬುದು ಅದರಿಂದ ತಿಳಿಯುತ್ತದೆ. ಹೊರಬಂದು ವರ್ಷವಾದ ಮೇಲೆ ಅವರು ರಾತ್ರಿ ಎಲ್ಲಿ ಮಲಗುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಮೈಸೂರು ಮತ್ತು ಮಂಡ್ಯ ಜಿಲ್ಲಾಡಳಿತಗಳು ಈ ಒಂದು ಪ್ರಶ್ನೆಯನ್ನೇ ಕಾರ್ಯಕ್ರಮದ ಅಳತೆಗೋಲು ಮಾಡಬೇಕು ಎಂದು ಒತ್ತಾಯಿಸಲು ಈ ಪತ್ರ. ವಿವರ ಬಿಟ್ಟು ಈ ಮಾತು ಆಡಿ ಪ್ರಯೋಜನವಿಲ್ಲವಾದ್ದರಿಂದ ಪತ್ರ ಉದ್ದವಾಗಿದೆ. ದಯವಿಟ್ಟು ಪೂರ್ತಿ ಪ್ರಕಟಿಸಬೇಕಾಗಿ ವಿನಂತಿ.

ಕಾನೂನಿನ ಆಸರೆ ಈಗಾಗಲೇ ಇದೆ. ಬಾಲ ನ್ಯಾಯ ಕಾಯ್ದೆ 2015ರ 46ನೇ ಸೆಕ್ಷನ್, 18 ತುಂಬಿ ಸಂಸ್ಥೆ ಬಿಡುವವರಿಗೆ ಹಣಕಾಸಿನ ನೆರವಿನ ಅವಕಾಶ ಕೊಟ್ಟಿದೆ. ಕೇಂದ್ರದ 2016ರ ಮಾದರಿ ನಿಯಮಗಳು ಅನುಪಾಲನೆಯನ್ನು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ 2 ವರ್ಷ ನಡೆಸಬಹುದು ಎನ್ನುತ್ತವೆ. ತಾತ್ಕಾಲಿಕ ಗುಂಪು ವಸತಿ, ತರಬೇತಿ ಅವಧಿಯ ಸ್ಟೈಪೆಂಡ್, ಕೆಲಸ ಕೊಡಿಸುವುದು, ಸಂಪರ್ಕದಲ್ಲಿರುವ ಆಪ್ತಸಮಾಲೋಚಕರು, ಸ್ವಂತ ಉದ್ಯೋಗಕ್ಕೆ ಸಾಲ, ಎಲ್ಲವೂ ಅಲ್ಲಿ ಬರೆದಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಅನುಪಾಲನೆಗೆ ಒಬ್ಬರಿಗೆ ತಿಂಗಳಿಗೆ ₹4,000 ನಿಗದಿಯಾಗಿದೆ. ಮಕ್ಕಳ ಸಂಸ್ಥೆ, ಮಕ್ಕಳ ಕಲ್ಯಾಣ ಸಮಿತಿ, ಬಾಲ ನ್ಯಾಯ ಮಂಡಳಿಗಳ ಕೆಲಸವನ್ನು ಸರ್ಕಾರ ಸ್ವತಂತ್ರವಾಗಿ ಮೌಲ್ಯಮಾಪನ ಮಾಡಿಸಬಹುದು ಎಂದು 55ನೇ ಸೆಕ್ಷನ್ ಹೇಳುತ್ತದೆ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೇಲೆ ಜಿಲ್ಲಾಧಿಕಾರಿಗಳ ಹೊಣೆಯೂ ಹೆಚ್ಚಿದೆ. ಇಷ್ಟೆಲ್ಲ ಇದ್ದೂ ಕೊರತೆಯಿರುವುದು ಫಲ ನೋಡುವ ಕ್ರಮದಲ್ಲಿ.

ಮೊದಲು, ಯಾರನ್ನು ಮನೆಯಿಲ್ಲದವರು ಎನ್ನಬೇಕು? ಜನಗಣತಿಯ ಪ್ರಕಾರ ಬಯಲಲ್ಲಿ, ರಸ್ತೆ ಬದಿಯಲ್ಲಿ, ಹ್ಯೂಮ್ ಪೈಪಿನಲ್ಲಿ, ಮೇಲ್ಸೇತುವೆಯ ಕೆಳಗೆ, ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಇರುವವರು. ಆ ವ್ಯಾಖ್ಯೆ ಹಿಡಿದು ಹುಡುಕಿದರೆ ಬಾಲಮಂದಿರ ಬಿಟ್ಟ ಹುಡುಗರು ಬಹಳ ಜನ ಸಿಗುವುದಿಲ್ಲ, ಸಮಸ್ಯೆಯೇ ಇಲ್ಲವೆಂದು ಬರೆದುಬಿಡಬಹುದು. ನಿಜದಲ್ಲಿ ಈ ವಯಸ್ಸಿನವರು ಬೀದಿಗೆ ಬೀಳುವುದು ಹಂತ ಹಂತವಾಗಿ. ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ, ರಾತ್ರಿ ಮೇಜು ಸರಿಸಿ ಅಲ್ಲೇ ಚಾಪೆ. ಮೈಸೂರಿನ ಕೈಗಾರಿಕಾ ಪ್ರದೇಶಗಳಾದ ಹೂಟಗಳ್ಳಿಯಲ್ಲೋ ಹೆಬ್ಬಾಳದಲ್ಲೋ ಗುತ್ತಿಗೆ ಕೆಲಸ, ಮಲಗುವುದು ಗೆಳೆಯನ ರೂಮಿನಲ್ಲಿ, ರೂಮಿನ ಮಾಲೀಕನಿಗೆ ಗೊತ್ತಾಗದಂತೆ. ಇಟ್ಟಿಗೆ ಗೂಡಿನ ಶೆಡ್ಡು, ಆಲೆಮನೆಯ ಮೂಲೆ, ಕಲ್ಯಾಣ ಮಂಟಪದ ಸ್ಟೋರ್ ರೂಮು. ಇವರು ಯಾರೂ ಬಯಲಲ್ಲಿಲ್ಲ. ಆದರೆ ಹೋಟೆಲಿನಲ್ಲಿ ಮಲಗುವ ಹುಡುಗನಿಗೆ ಕೆಲಸ ಹೋದ ದಿನವೇ ಚಾಪೆಯೂ ಹೋಗುತ್ತದೆ. ಮಾಲೀಕ ಬೈದ, ಸಂಬಳ ಹಿಡಿದ ಎಂದು ಬಿಟ್ಟುಬರಲು ಅವನಿಗೆ ಧೈರ್ಯ ಸಾಲದಿರುವುದೂ ಇದೇ ಕಾರಣಕ್ಕೆ.

ಹಾಗಾಗಿ "ಮನೆ ಇದೆಯೇ, ಇಲ್ಲವೇ" ಎಂದು ಕೇಳುವುದು ಕೆಟ್ಟ ಪ್ರಶ್ನೆ. ಎಲ್ಲರೂ ಇದೆ ಎನ್ನುತ್ತಾರೆ; ಇಲ್ಲ ಎನ್ನಲು ನಾಚಿಕೆ. ಕೇಳಬೇಕಾದ್ದು ಹೀಗೆ: ಕಳೆದ 30 ರಾತ್ರಿಗಳಲ್ಲಿ ಎಲ್ಲೆಲ್ಲಿ ಮಲಗಿದ್ದಿರಿ? ಆ ಜಾಗದ ಬಾಡಿಗೆ ಯಾರು ಕೊಡುತ್ತಾರೆ, ಕರಾರು ಯಾರ ಹೆಸರಿನಲ್ಲಿದೆ? ಕೆಲಸ ಬಿಟ್ಟರೆ ಅಲ್ಲಿ ಇರಬಹುದೇ? ನಾಳೆ ಬೆಳಿಗ್ಗೆ ಖಾಲಿ ಮಾಡು ಎಂದರೆ ಎಲ್ಲಿಗೆ ಹೋಗುತ್ತೀರಿ? ಕಳೆದ 6 ತಿಂಗಳಲ್ಲಿ ಎಷ್ಟು ಸಲ ಜಾಗ ಬದಲಾಯಿತು, ಅದರಲ್ಲಿ ನೀವಾಗಿ ಬದಲಿಸಿದ್ದು ಎಷ್ಟು? ಇಷ್ಟಕ್ಕೆ ಹತ್ತು ನಿಮಿಷ ಸಾಕು. ಉತ್ತರಗಳಿಂದ ಮೂರು ಗುಂಪು ಮಾಡಿಕೊಳ್ಳಬಹುದು: ನೆಲೆ ಇರುವವರು, ಇನ್ನೊಬ್ಬರ ಮರ್ಜಿಯಲ್ಲಿ ಇರುವವರು, ನೆಲೆ ಇಲ್ಲದವರು. ನಡುವಿನ ಗುಂಪನ್ನು ಮೊದಲ ಗುಂಪಿಗೆ ಸೇರಿಸಿದರೆ ವರದಿ ಚೆನ್ನಾಗಿ ಕಾಣುತ್ತದೆ, ಕಾರ್ಯಕ್ರಮ ಕೆಡುತ್ತದೆ. ಅದನ್ನು ಬೇರೆಯಾಗಿಯೇ ತೋರಿಸಬೇಕು.

ಈಗ, ಜಾರುವುದು ಎಲ್ಲಿ? ಬಹುಮಟ್ಟಿಗೆ ಮೊದಲ ಎರಡು ತಿಂಗಳಲ್ಲಿ. ಜೂನ್ 2ರಂದು ಕಾರ್ಖಾನೆಗೆ ಸೇರಿದ ಹುಡುಗನ ಮೊದಲ ಸಂಬಳ ಜುಲೈ 7ರ ಹೊತ್ತಿಗೆ ಬರುತ್ತದೆ. ನಡುವೆ 35 ದಿನ. ಊಟ ಸೇರಿದ ಪಿಜಿಗೆ ತಿಂಗಳಿಗೆ ₹5,500 ಎಂದಿಟ್ಟುಕೊಳ್ಳೋಣ. ಅಡ್ವಾನ್ಸ್ ಒಂದು ತಿಂಗಳದ್ದು, ಮೊದಲ ತಿಂಗಳ ಬಾಡಿಗೆ, ಬಸ್ಸು, ಸೋಪು, ಹಾಸಿಗೆ, ಶೂ ಸೇರಿ ₹1,500. ಒಟ್ಟು ₹12,500 ಕೈಯಲ್ಲಿ ಬೇಕು. ₹4,000 ಸಮಯಕ್ಕೆ ಸರಿಯಾಗಿ ಬಂದರೂ ಅದರ ಮೂರನೇ ಒಂದು ಭಾಗವಾಗುವುದಿಲ್ಲ. ತಡವಾಗಿ ಮೂರು ತಿಂಗಳದ್ದು ಒಟ್ಟಿಗೆ ಜಮಾ ಆದರೆ, ಅಷ್ಟರಲ್ಲಿ ರೂಮು ಹೋಗಿರುತ್ತದೆ. ಮಾಲೀಕನಿಗೆ ಬಾಡಿಗೆ ಬೇಕಾಗಿರುವುದು 5ನೇ ತಾರೀಖಿಗೆ, ಖಜಾನೆಯ ಬಿಲ್ಲು ಪಾಸಾಗುವ ದಿನಕ್ಕಲ್ಲ. ಆದ್ದರಿಂದ ಕಾರ್ಯಕ್ರಮದ ಒಳಗೆ ನೋಡಬೇಕಾದ ಮೊದಲ ಅಂಕಿ ಇದು: 18 ತುಂಬಿದ ದಿನಕ್ಕೂ ಮೊದಲ ಕಂತು ಖಾತೆಗೆ ಬಿದ್ದ ದಿನಕ್ಕೂ ನಡುವೆ ಎಷ್ಟು ದಿನ? ಸರಾಸರಿ ಸಾಲದು. ಅತಿ ಹೆಚ್ಚು ಕಾದವರು ಎಷ್ಟು ದಿನ ಕಾದರು ಎಂಬುದೂ ಬೇಕು.

ಹಣ ತಡವಾಗುವುದಕ್ಕೆ ಅನುದಾನದ ಕೊರತೆಯೇ ಕಾರಣ ಎಂದುಕೊಳ್ಳುವುದುಂಟು. ಅಷ್ಟೇ ಮುಖ್ಯವಾದ ಕಾರಣ ಕಾಗದಪತ್ರ. ಬಾಲಮಂದಿರದಲ್ಲಿದ್ದಾಗ ಮಾಡಿಸಿದ ಆಧಾರ್‌ಗೆ ಸಂಸ್ಥೆಯ ಯಾರೋ ಸಿಬ್ಬಂದಿಯ ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಆ ಸಿಬ್ಬಂದಿ ವರ್ಗವಾದರೆ ಒಟಿಪಿ ಹೋಗುವುದು ಇನ್ನಾವುದೋ ಜಿಲ್ಲೆಗೆ. ವಿಳಾಸ ಸಂಸ್ಥೆಯದ್ದೇ. ಬ್ಯಾಂಕ್ ಖಾತೆ ಅಪ್ರಾಪ್ತರ ಖಾತೆ. 18 ತುಂಬಿದ ಮೇಲೆ ಹೊಸ ಕೆವೈಸಿ, ಹೊಸ ಸಹಿ ಕೊಟ್ಟು ಬದಲಿಸದಿದ್ದರೆ ಹಣ ತೆಗೆಯಲು ಬರುವುದಿಲ್ಲ. ಖಾತೆಗೆ ಆಧಾರ್ ಜೋಡಣೆಯಾಗಿ ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಸೇರದಿದ್ದರೆ ನೇರ ವರ್ಗಾವಣೆಯ ಹಣ ವಾಪಸಾಗುತ್ತದೆ. ತಂದೆ ತಾಯಿ ಯಾರೆಂದು ಗೊತ್ತಿಲ್ಲದ ಮಗುವಿಗೆ ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಸಿಗುವುದು ಕಷ್ಟ. ಅದಿಲ್ಲದೆ ಹಾಸ್ಟೆಲ್, ವಿದ್ಯಾರ್ಥಿವೇತನ ಎರಡಕ್ಕೂ ತೊಡಕು. ಇದರಲ್ಲಿ ಯಾವುದೂ ಬಿಡಿಸಲಾಗದ ಕಗ್ಗಂಟಲ್ಲ. ಆದರೆ ಹೊರಗೆ ಹೋದ ಮೇಲೆ ಹುಡುಗಿ ಒಬ್ಬಳೇ, ಒಂದು ದಿನದ ಕೂಲಿ ಬಿಟ್ಟು, ಕೌಂಟರಿನಿಂದ ಕೌಂಟರಿಗೆ ಅಲೆದು ಮಾಡಿಸಿಕೊಳ್ಳುವುದಕ್ಕೂ, ಒಳಗಿರುವಾಗಲೇ ಸಂಸ್ಥೆ ಮಾಡಿಸಿಕೊಡುವುದಕ್ಕೂ ಅಜಗಜಾಂತರ.

ಮಾದರಿ ನಿಯಮದ ಪ್ರಕಾರ ಬಿಡುಗಡೆ ನಂತರದ ಯೋಜನೆ ಹೊರಡುವ 2 ತಿಂಗಳು ಮೊದಲು ಸಲ್ಲಿಕೆಯಾಗಬೇಕು. ನಮ್ಮ ಅಭಿಪ್ರಾಯದಲ್ಲಿ ಈ 2 ತಿಂಗಳು ಏನೇನೂ ಸಾಲದು. 16 ತುಂಬಿದಾಗಲೇ ಶುರುವಾಗಬೇಕು. 17ಕ್ಕೆ ಆಧಾರ್‌ಗೆ ಮಗುವಿನದ್ದೇ ನಂಬರು. 18 ತುಂಬಿದ ವಾರವೇ ಖಾತೆ ಬದಲಾವಣೆ, ಪ್ಯಾನ್, ಮತದಾರರ ಪಟ್ಟಿಗೆ ಅರ್ಜಿ. ಶಾಲೆಯ ವರ್ಗಾವಣೆ ಪತ್ರ, ಅಂಕಪಟ್ಟಿ, ಲಸಿಕೆ ಮತ್ತು ಚಿಕಿತ್ಸೆಯ ದಾಖಲೆಗಳ ಮೂಲ ಪ್ರತಿ ಒಂದು ಫೈಲಿನಲ್ಲಿ ಮಗುವಿನ ಕೈಗೆ, ನಕಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ಮೌಲ್ಯಮಾಪಕರು ನೋಡಬೇಕಾದ ಎರಡನೇ ಅಂಕಿ: ಹೊರಟ ದಿನ ಎಷ್ಟು ಜನರ ಫೈಲು ಪೂರ್ತಿಯಾಗಿತ್ತು? "ಮಾರ್ಗದರ್ಶನ ನೀಡಲಾಗಿದೆ" ಎಂಬ ಸಾಲನ್ನು ಲೆಕ್ಕಕ್ಕೆ ಹಿಡಿಯಬಾರದು.

ಓದು ಮುಂದುವರಿಸಿದವರು ಎಡವಿ ಬೀಳುವ ಗುಂಡಿ ಬೇರೆ. ಮೆಟ್ರಿಕ್ ನಂತರದ ಹಾಸ್ಟೆಲ್ ಸಿಕ್ಕಿತೆಂದರೆ ನಿಶ್ಚಿಂತೆ ಎಂದು ಕಡತ ಮುಚ್ಚುತ್ತಾರೆ. ಪರೀಕ್ಷೆ ಮುಗಿದು ರಜೆ ಬಂದಾಗ ಮೆಸ್ ನಿಲ್ಲುತ್ತದೆ, ಉಳಿದವರು ಊರಿಗೆ ಹೊರಡುತ್ತಾರೆ. ಊರೇ ಇಲ್ಲದವರು ಆ ವಾರಗಳನ್ನು ಎಲ್ಲಿ ಕಳೆಯಬೇಕು? ಹಾಸ್ಟೆಲ್ ಸಿಗದವರಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯ ಮಾಸಿಕ ನೆರವು ಇದೆ, ಅದೂ ವರ್ಷಕ್ಕೆ 10 ತಿಂಗಳು. ಉಳಿದ 2 ತಿಂಗಳ ಬಾಡಿಗೆಯನ್ನು ಮಾಲೀಕ ಬಿಡುತ್ತಾನೆಯೇ? ಯುವನಿಧಿಯ ನಿರುದ್ಯೋಗ ಭತ್ಯೆ ಪದವೀಧರರಿಗೆ ಮತ್ತು ಡಿಪ್ಲೊಮಾ ಪಡೆದವರಿಗೆ. ಎಸ್‌ಎಸ್‌ಎಲ್‌ಸಿ, ಪಿಯು, ಐಟಿಐ ಮುಗಿಸಿ ಕೆಲಸ ಹುಡುಕುವವರಿಗೆ ಅದು ದಕ್ಕುವುದಿಲ್ಲ. ರಜೆಯ ವಾರಗಳಲ್ಲಿ ಒಂದು ಹಾಸ್ಟೆಲನ್ನಾದರೂ ಪೂರ್ತಿ ತೆರೆದಿಟ್ಟು ಎರಡೂ ಜಿಲ್ಲೆಯ ಇಂಥ ವಿದ್ಯಾರ್ಥಿಗಳಿಗೆ ಜಾಗ ಕೊಡುವುದು ಸುಲಭದ, ಅಗ್ಗದ ಉಪಾಯ. ಮೌಲ್ಯಮಾಪನದ ಒಂದು ಸುತ್ತನ್ನು ಬೇಕೆಂದೇ ಮೇ ತಿಂಗಳಲ್ಲಿ ಇಟ್ಟುಕೊಳ್ಳಬೇಕು. ಸೆಪ್ಟೆಂಬರಿನಲ್ಲಿ ಕೇಳಿದರೆ ಎಲ್ಲರೂ ಹಾಸ್ಟೆಲಿನಲ್ಲೇ ಇರುತ್ತಾರೆ.

ಬಾಡಿಗೆ ಮನೆಯ ತೊಡಕು ಹಣದ್ದೊಂದೇ ಅಲ್ಲ. "ಯಾವ ಊರು, ಯಾವ ಜನ, ಅಪ್ಪ ಏನು ಮಾಡ್ತಾರೆ?" ಎಂಬ ಮೂರು ಪ್ರಶ್ನೆಗೇ ಮಾತು ಮುಗಿಯುತ್ತದೆ. ಇದಕ್ಕೆ ನಡೆಯುವ ದಾರಿಯೆಂದರೆ, 11 ತಿಂಗಳ ಕರಾರನ್ನು ಮೊದಲು ಒಂದು ಸಂಸ್ಥೆಯ ಹೆಸರಿನಲ್ಲಿ ಮಾಡಿ, ಅಡ್ವಾನ್ಸನ್ನು ಸಂಸ್ಥೆಯೇ ಇಟ್ಟು, ಬಾಡಿಗೆಯ ಪಾಲನ್ನು ಮೂರು ತಿಂಗಳಿಗೊಮ್ಮೆ ಹುಡುಗರ ಮೇಲೆ ಏರಿಸುತ್ತಾ, ನವೀಕರಣದ ಹೊತ್ತಿಗೆ ಕರಾರನ್ನು ಅವರ ಹೆಸರಿಗೇ ಬಿಡುವುದು. ಮೂರು ನಾಲ್ಕು ಜನರ ಮನೆಯಾದರೆ ಒಬ್ಬ ಕೆಲಸ ಕಳೆದುಕೊಂಡರೂ ಉಳಿದವರು ತಿಂಗಳು ತಳ್ಳಬಲ್ಲರು. ಎಂಟು ಹತ್ತು ಜನರನ್ನು ತುಂಬಿದರೆ ಅದು ಇನ್ನೊಂದು ಬಾಲಮಂದಿರವಾಗುತ್ತದೆ, ನೆರೆಹೊರೆಯ ದೂರು ಬರುತ್ತದೆ, ಮನೆ ಖಾಲಿಯಾಗುತ್ತದೆ. ಕಾರ್ಖಾನೆಗೆ ಹತ್ತಿರ ಸಿಗುವುದು ಇನ್ನೂ ಮುಖ್ಯ. ಕಡಕೊಳದಲ್ಲಿ ರಾತ್ರಿ ಪಾಳಿ ಇರುವವನಿಗೆ ನಗರದ ಇನ್ನೊಂದು ಬದಿಯ ಕೆಸರೆಯಲ್ಲಿ ಮನೆ ಕೊಟ್ಟರೆ ಅವನು ವಾಸ ಮಾಡುವುದು ಕಾರ್ಖಾನೆಯ ಪಕ್ಕದ ಗೆಳೆಯನ ರೂಮಿನಲ್ಲೇ.

ಹೊರದೇಶದ ಅನುಭವದಿಂದ ಕಲಿಯಬಹುದಾದ ಕೆಲವು ಮಾತುಗಳಿವೆ. ಅಮೆರಿಕದಲ್ಲಿ ಇಂಥ ಮಕ್ಕಳು ಹೆಚ್ಚಾಗಿ ಪೋಷಕ ಕುಟುಂಬಗಳಲ್ಲಿ ಬೆಳೆಯುತ್ತಾರೆ, ನಮ್ಮಲ್ಲಿ ಸಂಸ್ಥೆಗಳಲ್ಲಿ. ಹಾಗಾಗಿ ಅಲ್ಲಿಯ ಅಂಕಿಗಳನ್ನು ಇಲ್ಲಿಗೆ ಎತ್ತಿ ಹಾಕಲಾಗದು, ಅಳೆಯುವ ಕ್ರಮವನ್ನು ತರಬಹುದು. ಇಲಿನಾಯ್, ಅಯೋವಾ, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಪೋಷಕ ವ್ಯವಸ್ಥೆ ಬಿಟ್ಟ 700ಕ್ಕೂ ಹೆಚ್ಚು ಯುವಜನರನ್ನು 17ನೇ ವಯಸ್ಸಿನಿಂದ 26ರವರೆಗೆ ಬಿಡದೆ ಹಿಂಬಾಲಿಸಿದ ಅಧ್ಯಯನ, 26ರ ಹೊತ್ತಿಗೆ ಅವರಲ್ಲಿ ಶೇ 31ರಿಂದ 46ರಷ್ಟು ಮಂದಿ ಒಮ್ಮೆಯಾದರೂ ನೆಲೆ ಕಳೆದುಕೊಂಡಿದ್ದರು ಎಂದು ಅಂದಾಜಿಸಿತು. ಅದಕ್ಕಿಂತ ಮುಖ್ಯವಾದದ್ದು, ಅಪಾಯ ಯಾರಿಗೆ ಹೆಚ್ಚು ಎಂಬುದು: ಪಾಲನೆಯಲ್ಲಿದ್ದಾಗ ಓಡಿಹೋಗಿದ್ದವರು, ಜಾಗದಿಂದ ಜಾಗಕ್ಕೆ ಪದೇ ಪದೇ ವರ್ಗವಾದವರು, ಹೊಡೆತ ತಿಂದು ಬಂದವರು, ಮಾನಸಿಕ ತೊಂದರೆಯ ಲಕ್ಷಣ ಇದ್ದವರು, ಮತ್ತು ಹುಡುಗರು. ನಮ್ಮ ಅನುಪಾಲನೆಗೆ ಆಯ್ಕೆ ಮಾಡುವಾಗ "ನಡತೆ ಸರಿಯಿಲ್ಲ" ಎಂದು ಕೈಬಿಡುವುದು ಇವರನ್ನೇ ಅಲ್ಲವೇ?

ಇನ್ನೆರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಲಾಸ್ ಏಂಜಲೀಸ್‌ನಲ್ಲಿ ಜೀವನ ಕೌಶಲದ ತರಗತಿಗಳನ್ನು ಚೀಟಿ ಎತ್ತಿದಂತೆ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದೆ ಹೋಲಿಸಿದರು. 2008ರಲ್ಲಿ ಬಂದ ಫಲಿತಾಂಶ: ಎರಡು ಗುಂಪಿನ ನಡುವೆ ಗಮನಾರ್ಹ ವ್ಯತ್ಯಾಸವೇ ಇಲ್ಲ. ಟೆನೆಸ್ಸಿಯಲ್ಲಿ 1,300ಕ್ಕೂ ಹೆಚ್ಚು ಯುವಜನರ ಮೇಲೆ ಇದೇ ರೀತಿ ಇನ್ನೊಂದು ಕಾರ್ಯಕ್ರಮವನ್ನು ಪರೀಕ್ಷಿಸಿದರು. ಅಲ್ಲಿ ತರಗತಿಯಲ್ಲ, ಒಬ್ಬ ಕಾರ್ಯಕರ್ತನಿಗೆ ಸುಮಾರು 8 ಜನ, ವಾರಕ್ಕೊಮ್ಮೆ ಅವರಿದ್ದಲ್ಲಿಗೇ ಭೇಟಿ, ಸುಮಾರು 9 ತಿಂಗಳು. 2015ರಲ್ಲಿ ಪ್ರಕಟವಾದ ಒಂದು ವರ್ಷದ ಫಲಿತಾಂಶದಲ್ಲಿ ಗಳಿಕೆ ಶೇ 17ರಷ್ಟು ಹೆಚ್ಚಿತ್ತು, ನೆಲೆ ಕಳೆದುಕೊಳ್ಳುವುದು ಕಡಿಮೆಯಾಗಿತ್ತು. ಓದಿನಲ್ಲಿ, ಪೊಲೀಸ್ ಪ್ರಕರಣಗಳಲ್ಲಿ ಬದಲಾವಣೆ ಕಾಣಲಿಲ್ಲ. ಕೆಲಸ ಮಾಡದ್ದನ್ನೂ ಮುಚ್ಚಿಡದೆ ಬರೆದರು. ಆ ಪ್ರಾಮಾಣಿಕತೆ ನಮಗೂ ಬೇಕು. ನಮ್ಮಲ್ಲಿ ಸುಲಭವಾಗಿ ಮಂಜೂರಾಗುವುದು ಎರಡು ದಿನದ ಕಾರ್ಯಾಗಾರ, ಬ್ಯಾನರು, ಪ್ರಮಾಣಪತ್ರ. ಒಬ್ಬ ಕಾರ್ಯಕರ್ತನ ಬಸ್ ಚಾರ್ಜಿಗೆ ಮಂಜೂರಾತಿ ಸಿಗುವುದು ಕಷ್ಟ.

ಭಾರತದಲ್ಲೂ ಕೆಲಸ ಆಗಿಲ್ಲವೆಂದಲ್ಲ. 2019ರಲ್ಲಿ ಉದಯನ್ ಕೇರ್ ಸಂಸ್ಥೆ ಕರ್ನಾಟಕವೂ ಸೇರಿದಂತೆ 5 ರಾಜ್ಯಗಳಲ್ಲಿ ಸಂಸ್ಥೆ ಬಿಟ್ಟ ಯುವಜನರ ಅಧ್ಯಯನ ಮಾಡಿತು. ಆದರೆ ಒಂದು ಹೊತ್ತಿನ ಚಿತ್ರದಿಂದ ಇಂಥ ಕಾರ್ಯಕ್ರಮ ಇಂಥ ಫಲ ಕೊಟ್ಟಿತು ಎಂದು ಹೇಳಲಾಗುವುದಿಲ್ಲ. ಅದಕ್ಕೆ ಹಿಂಬಾಲಿಸುವಿಕೆ ಬೇಕು, ಹೋಲಿಕೆ ಬೇಕು.

ಹಿಂಬಾಲಿಸುವಿಕೆಯಲ್ಲಿ ಲೆಕ್ಕ ಕೆಡುವುದು ಸಿಗದವರನ್ನು ಬಿಟ್ಟುಬಿಡುವುದರಿಂದ. ಉದಾಹರಣೆಗೆ ಒಂದು ವರ್ಷದಲ್ಲಿ 40 ಜನ ಹೊರಬಂದರು ಎನ್ನಿ. ವರ್ಷದ ಮೇಲೆ ಫೋನಿಗೆ ಸಿಕ್ಕವರು 22. ಅವರಲ್ಲಿ 20 ಜನರಿಗೆ ನೆಲೆ ಇದೆ. ವರದಿಯಲ್ಲಿ ಶೇ 91 ಯಶಸ್ಸು ಎಂದು ಬರುತ್ತದೆ. ಸಿಗದ 18 ಜನರಿಗೂ ನೆಲೆ ಇಲ್ಲದಿದ್ದರೆ ನಿಜವಾದ ಅಂಕಿ ಶೇ 50, ಎಲ್ಲರಿಗೂ ಇದ್ದರೆ ಶೇ 95. ಅಂದರೆ ನಮಗೆ ಗೊತ್ತಿರುವುದು 50ಕ್ಕೂ 95ಕ್ಕೂ ನಡುವೆ ಎಲ್ಲೋ ಎಂಬುದಷ್ಟೇ. ನೆಲೆ ತಪ್ಪಿದವನ ನಂಬರೇ ಮೊದಲು ಬದಲಾಗುವುದರಿಂದ ಸಿಗದವರ ಸ್ಥಿತಿ ಸಿಕ್ಕವರಿಗಿಂತ ಕೆಟ್ಟದಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಭಾಗಿಸುವ ಸಂಖ್ಯೆ ಯಾವಾಗಲೂ 40 ಆಗಿರಬೇಕು. ಸಿಗದವರು ಎಷ್ಟು ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. ಸಿಗದವರ ಪ್ರಮಾಣ ಶೇ 20 ದಾಟಿದರೆ ಆ ವರದಿಯ ಮೇಲೆ ಯಾವ ತೀರ್ಮಾನವನ್ನೂ ಮಾಡಬಾರದು.

ಆ 40ರಲ್ಲಿ ಯಾರ್ಯಾರು ಸೇರಬೇಕು ಎಂಬುದೂ ಅಷ್ಟೇ ಮುಖ್ಯ. 46ನೇ ಸೆಕ್ಷನ್ 18 ತುಂಬಿ ಹೊರಡುವವರ ಬಗ್ಗೆ ಹೇಳುತ್ತದೆ. 17ನೇ ವಯಸ್ಸಿನಲ್ಲಿ "ಕುಟುಂಬಕ್ಕೆ ಮರಳಿಸಲಾಯಿತು" ಎಂದು ಬರೆದು ಕಳುಹಿಸಿದ ಮಗು ಪಟ್ಟಿಯಿಂದಲೇ ಜಾರಿಹೋಗುತ್ತದೆ. ಯಾವ ಮನೆಯಿಂದ ತಪ್ಪಿಸಿಕೊಂಡು ಬಂದಿತ್ತೋ ಅದೇ ಮನೆಗೆ ಹೋಗಿ ಆರು ತಿಂಗಳಲ್ಲಿ ಮತ್ತೆ ಹೊರಬಿದ್ದರೆ ಅದಕ್ಕೆ ಲೆಕ್ಕ ಇಡುವವರಿಲ್ಲ. 16 ತುಂಬಿದ ಮೇಲೆ ಬಾಲಮಂದಿರ, ಖಾಸಗಿ ಅನಾಥಾಶ್ರಮ, ಪೋಷಕ ಕುಟುಂಬ, ವೀಕ್ಷಣಾಲಯ (ಅಪರಾಧದ ಆರೋಪವಿರುವ ಮಕ್ಕಳನ್ನು ಇರಿಸುವ ಜಾಗ), ಎಲ್ಲಿಂದಲೇ ಹೊರಟಿರಲಿ, ಓಡಿಹೋಗಿರಲಿ, ಬೇರೆ ಜಿಲ್ಲೆಗೆ ವರ್ಗವಾಗಿರಲಿ, ಎಲ್ಲರೂ ಒಂದೇ ವಹಿಯಲ್ಲಿ ಇರಬೇಕು.

ಸಂಪರ್ಕ ಉಳಿಸಿಕೊಳ್ಳುವುದಕ್ಕೆ ಮಾಡಬಹುದಾದ್ದು ಬಹಳವಿದೆ. ಹೊರಡುವ ಮುನ್ನ ಮೂವರ ನಂಬರು ಬರೆದುಕೊಳ್ಳಬೇಕು: ಜೊತೆಗೆ ಬೆಳೆದ ಒಬ್ಬ ಗೆಳೆಯ, ಹೊರಗಿನ ಒಬ್ಬ ಹಿರಿಯರು, "ನಾನು ಎಲ್ಲಿದ್ದರೂ ಇವರಿಗೆ ಗೊತ್ತಿರುತ್ತೆ" ಎಂದು ಮಗುವೇ ಹೇಳುವ ಒಬ್ಬರು. ಅಡುಗೆಯವರ ಹೆಸರು ಬರುವುದೇ ಹೆಚ್ಚು. ಅದನ್ನು ಹಗುರವಾಗಿ ಕಾಣಬಾರದು. ತಿಂಗಳಿಗೊಮ್ಮೆ ಒಂದು ಮಾತು, ಬರೀ "ಹೇಗಿದ್ದೀರಿ" ಎಂದು. ದಸರಾ ರಜೆಯಲ್ಲೋ ಯುಗಾದಿಗೋ ಎಲ್ಲರೂ ಬಂದು ಉಣ್ಣುವ ಒಂದು ದಿನ. ಪ್ರತಿ ಸಂದರ್ಶನಕ್ಕೆ ₹200ರ ಫೋನ್ ರೀಚಾರ್ಜ್; ಅವರ ಸಮಯಕ್ಕೂ ಬೆಲೆಯಿದೆ, ನಂಬರೂ ಜೀವಂತ ಉಳಿಯುತ್ತದೆ. ನಗರದ ರಾತ್ರಿ ಆಶ್ರಯಗಳಲ್ಲಿ 18ರಿಂದ 23ರ ವಯಸ್ಸಿನವರು ಬಂದಾಗ, ಮೊದಲು ಯಾವುದಾದರೂ ಮಕ್ಕಳ ಸಂಸ್ಥೆಯಲ್ಲಿದ್ದಿರಾ ಎಂದು ಒಪ್ಪಿಗೆ ಪಡೆದು ಕೇಳಿದರೆ ವಹಿಯಿಂದ ತಪ್ಪಿಹೋದವರು ಅಲ್ಲಿ ಕಾಣಿಸಿಕೊಳ್ಳಬಹುದು. 1098 ಸಹಾಯವಾಣಿ 18ರೊಳಗಿನವರಿಗೆ. 19ರ ಹುಡುಗ ಬಸ್ ನಿಲ್ದಾಣದಲ್ಲಿ ಕುಳಿತು ಯಾರಿಗೆ ಫೋನ್ ಮಾಡಬೇಕು? ಎರಡೂ ಜಿಲ್ಲೆಗೆ ಸೇರಿ ರಾತ್ರಿಯೂ ಎತ್ತುವ ಒಂದು ನಂಬರು ಬೇಕೇ ಬೇಕು.

ಹೋಲಿಕೆಯ ವಿಷಯ ಕೊಂಚ ಸೂಕ್ಷ್ಮ. ಪಿಯು ಪಾಸಾದ, ಮಾತು ಕೇಳುವ, ಸಂಬಂಧಿಕರಿರುವ ಮಕ್ಕಳನ್ನೇ ಆರಿಸಿ ಕಾರ್ಯಕ್ರಮಕ್ಕೆ ಸೇರಿಸಿ, ವರ್ಷದ ಮೇಲೆ ಅವರು ಚೆನ್ನಾಗಿದ್ದಾರೆಂದು ತೋರಿಸಿದರೆ ಅದು ಕಾರ್ಯಕ್ರಮದ ಫಲವಲ್ಲ, ಆಯ್ಕೆಯ ಫಲ. ಅರ್ಹರೆಲ್ಲರಿಗೂ ಜಾಗವಿದ್ದರೆ ಎಲ್ಲರಿಗೂ ಕೊಡಬೇಕು, ಅದರಲ್ಲಿ ಮಾತಿಲ್ಲ. ಜಾಗ ಕಡಿಮೆ, ಅರ್ಹರು ಹೆಚ್ಚು ಎಂಬಂತಿದ್ದಾಗ ಎಲ್ಲರ ಮುಂದೆ ಚೀಟಿ ಎತ್ತುವುದೇ ನ್ಯಾಯ. ಶಿಫಾರಸು ನಡೆಯುವುದಿಲ್ಲ, ಹೋಲಿಕೆಗೂ ಸರಿಯಾದ ಗುಂಪು ಸಿಗುತ್ತದೆ. ಚೀಟಿಯಲ್ಲಿ ಹೆಸರು ಬಾರದವರಿಗೆ ಯೋಜನೆಯಂತೆ ಸಲ್ಲುವ ₹4,000, ಕಾಗದಪತ್ರ, ಫೋನ್ ಸಂಪರ್ಕ ಯಾವುದೂ ತಪ್ಪಬಾರದು. ಚೀಟಿ ಹೆಚ್ಚುವರಿ ಸೌಲಭ್ಯಕ್ಕೆ ಮಾತ್ರ. ಇದು ಬೇಡವೆಂದರೆ ಹೊಸ ಸೌಲಭ್ಯವನ್ನು ಒಂದು ಜಿಲ್ಲೆಯಲ್ಲಿ ಈ ವರ್ಷ, ಇನ್ನೊಂದರಲ್ಲಿ ಮುಂದಿನ ವರ್ಷ ಶುರುಮಾಡಿ, ನಡುವಿನ ಅವಧಿಯನ್ನು ಹೋಲಿಸಬಹುದು. ಅದು ಚೀಟಿಯಷ್ಟು ಗಟ್ಟಿಯಲ್ಲ. ಮೈಸೂರಿನ ಬಾಡಿಗೆ, ಕೆಲಸದ ಅವಕಾಶ ಬೇರೆ, ಮಂಡ್ಯದ್ದು ಬೇರೆ.

ಸಂಖ್ಯೆಯ ಬಗ್ಗೆಯೂ ಸ್ಪಷ್ಟವಾಗಿರಬೇಕು. ನೆಲೆ ಕಳೆದುಕೊಳ್ಳುವವರು ಶೇ 30 ಇದ್ದದ್ದು 15ಕ್ಕೆ ಇಳಿಯಿತೇ ಎಂದು ನಂಬಿಕೆಯಿಂದ ಹೇಳಬೇಕಾದರೆ, ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕದಂತೆ ಪ್ರತಿ ಗುಂಪಿನಲ್ಲಿ ಸುಮಾರು 120 ಜನ ಬೇಕು. ಒಂದೋ ಎರಡೋ ಜಿಲ್ಲೆಯ ಒಂದು ವರ್ಷದ ಪಟ್ಟಿಯಿಂದ ಇಷ್ಟು ಜನ ಸಿಗುವುದು ಕಷ್ಟ. ಮೈಸೂರು ವಿಭಾಗದ 8 ಜಿಲ್ಲೆಗಳೂ ಒಂದೇ ವಹಿ, ಒಂದೇ ಪ್ರಶ್ನಾವಳಿ ಬಳಸಿದರೆ ಎರಡು ಮೂರು ವರ್ಷದಲ್ಲಿ ಆಗಬಹುದು. ಅಲ್ಲಿಯವರೆಗೆ ಮೈಸೂರು, ಮಂಡ್ಯದ ಅಂಕಿಗಳನ್ನು "ಕಾರ್ಯಕ್ರಮ ಗೆದ್ದಿತು" ಎನ್ನಲು ಬಳಸದೆ, ಎಲ್ಲಿ ಸೋರುತ್ತಿದೆ ಎಂದು ನೋಡಲು ಬಳಸಬೇಕು.

ಕೇಳುವ ಸಮಯ: ಹೊರಬಂದ 3, 6, 12, 24 ತಿಂಗಳಿಗೆ. 3 ತಿಂಗಳದ್ದು ಮೊದಲ ಸಂಬಳದ ಗುಂಡಿಯನ್ನು ತೋರಿಸುತ್ತದೆ, 12ರದ್ದು ಕರಾರು ನವೀಕರಣದ ಹೊತ್ತಿನದು, 24ರದ್ದು, 18ಕ್ಕೆ ಹೊರಟವರಿಗೆ, ನೆರವು ನಿಲ್ಲುವುದಕ್ಕೆ ಒಂದು ವರ್ಷ ಮೊದಲಿನದು.

ಹುಡುಗಿಯರ ವಿಷಯದಲ್ಲಿ ಒಂದು ಎಚ್ಚರಿಕೆ. ಮದುವೆಯಾಯಿತೆಂದರೆ "ಪುನರ್ವಸತಿ" ಕಲಮಿನಲ್ಲಿ ಗುರುತು ಬೀಳುತ್ತದೆ. 18 ತುಂಬಿದ ಕೂಡಲೇ ಹೋಗಲು ಬೇರೆ ಜಾಗವಿಲ್ಲದ್ದಕ್ಕೆ ಒಪ್ಪಿದ ಮದುವೆಗೂ, ಕೆಲಸ, ರೂಮು, ಒಂದಿಷ್ಟು ಉಳಿತಾಯ ಇದ್ದು ತಾನಾಗಿ ಆದ ಮದುವೆಗೂ ವ್ಯತ್ಯಾಸವಿದೆ. ತವರಿಲ್ಲದ ಹುಡುಗಿ ಜಗಳವಾದ ರಾತ್ರಿ ಎಲ್ಲಿಗೆ ಹೋಗಬೇಕು? ಮದುವೆಯನ್ನು ಬೇರೆ ಕಲಮಿನಲ್ಲಿ ಬರೆದು, ಅದೇ ಪ್ರಶ್ನೆಗಳನ್ನು ಅವಳೊಬ್ಬಳೇ ಇರುವಾಗ ಕೇಳಿ, 24 ತಿಂಗಳವರೆಗೂ ಹಿಂಬಾಲಿಸಬೇಕು.

ಕೇಳುವವರು ಯಾರು? ಹಣ ಬಿಡುಗಡೆ ಮಾಡುವ ಅಧಿಕಾರಿಯೂ ಅಲ್ಲ, ಸಂಸ್ಥೆಯ ಸೂಪರಿಂಟೆಂಡೆಂಟರೂ ಅಲ್ಲ. ಅವರ ಮುಂದೆ "ಎಲ್ಲಾ ಚೆನ್ನಾಗಿದೆ ಸರ್" ಎಂಬುದಲ್ಲದೆ ಬೇರೆ ಉತ್ತರ ಬರುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಸಮಾಜಕಾರ್ಯ ವಿಭಾಗದಂಥ ಹೊರಗಿನವರಿಗೆ ಒಪ್ಪಿಸಬಹುದು, ಸರಿಯಾದ ತರಬೇತಿಯ ನಂತರ. ಈಗಾಗಲೇ ಸಂಸ್ಥೆ ಬಿಟ್ಟು ನಾಲ್ಕೈದು ವರ್ಷವಾದ ಹಿರಿಯರನ್ನು ವೇತನ ಕೊಟ್ಟು ಜೊತೆಗೆ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು. ಯಾರು ಎಲ್ಲಿದ್ದಾರೆಂದು ಅವರಿಗೆ ಗೊತ್ತಿರುತ್ತದೆ, ಅವರೆದುರು ನಾಚಿಕೆಯೂ ಕಡಿಮೆ.

ಗೋಪ್ಯತೆಯಲ್ಲಿ ಒಂದು ಸಣ್ಣ ಎಡವಟ್ಟೂ ದೊಡ್ಡ ಹಾನಿ ಮಾಡುತ್ತದೆ. ಸಂದರ್ಶಕ ಕಾರ್ಖಾನೆಗೆ ಫೋನ್ ಮಾಡಿ "ಬಾಲಮಂದಿರದಿಂದ ಮಾತಾಡ್ತಿದ್ದೀವಿ" ಎಂದರೆ, ಮನೆ ಮಾಲೀಕರ ಬಾಗಿಲಲ್ಲಿ ನಿಂತು ಇಲಾಖೆಯ ಗುರುತಿನ ಚೀಟಿ ತೋರಿಸಿದರೆ, ಹುಡುಗ ವರ್ಷದಿಂದ ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದು ಒಂದು ನಿಮಿಷದಲ್ಲಿ ಬಯಲಾಗುತ್ತದೆ. ನೆಲೆ ಇದೆಯೇ ಎಂದು ನೋಡಲು ಹೋದವರೇ ನೆಲೆ ತಪ್ಪಿಸಿದಂತಾಗುತ್ತದೆ. ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. ಆ ಎಚ್ಚರ 18ರ ನಂತರವೂ ಇರಬೇಕು. ಮಾತುಕತೆ ಅವರು ಹೇಳಿದ ಜಾಗದಲ್ಲಿ, ಅವರ ವಾರದ ರಜೆಯ ದಿನ. ಕಾಗದದ ಮೇಲೆ ಹೆಸರಿನ ಬದಲು ಸಂಖ್ಯೆ, ಹೆಸರಿನ ಪಟ್ಟಿ ಬೇರೆ ಬೀಗದಲ್ಲಿ. ಫೋಟೊ ಬೇಡವೇ ಬೇಡ. ಉತ್ತರಿಸದಿದ್ದರೆ ₹4,000 ನಿಲ್ಲುವುದಿಲ್ಲ ಎಂದು ಮೊದಲೇ ಹೇಳಬೇಕು, ಹೇಳಿದಂತೆ ನಡೆಯಬೇಕು. ಮಾತಿನ ನಡುವೆ ಯಾರಾದರೂ ಇಂದು ರಾತ್ರಿ ಜಾಗವಿಲ್ಲ ಎಂದರೆ ಪ್ರಶ್ನಾವಳಿ ಮಡಚಿಟ್ಟು ಮೊದಲು ಅದನ್ನು ನೋಡಬೇಕು. ಅದಕ್ಕಾಗಿ ಸಂದರ್ಶಕರ ಬಳಿ ಮೂರು ರಾತ್ರಿಯ ವಸತಿಗೆ ಆಗುವಷ್ಟು ತುರ್ತು ಹಣ ಇರಬೇಕು, ರಸೀದಿ ಆಮೇಲೆ.

ಖರ್ಚು ದೊಡ್ಡದಲ್ಲ. ವಿಭಾಗ ಮಟ್ಟದಲ್ಲಿ 240 ಜನರನ್ನು 4 ಸುತ್ತು ಮಾತಾಡಿಸಿದರೆ 960 ಸಂದರ್ಶನ, ₹200ರಂತೆ ರೀಚಾರ್ಜಿಗೆ ₹1,92,000. ಇದರ ಮೇಲೆ ಸಂದರ್ಶಕರ ಗೌರವಧನ, ಓಡಾಟ. ಆದರೆ ವಹಿ ತೆರೆಯಲು ಅಷ್ಟೂ ಹಣ ಬರುವವರೆಗೆ ಕಾಯಬೇಕಿಲ್ಲ. ಮೈಸೂರು ಮತ್ತು ಮಂಡ್ಯದ ಮಕ್ಕಳ ರಕ್ಷಣಾ ಘಟಕಗಳು ಕಳೆದ ಎರಡು ವರ್ಷದಲ್ಲಿ ಹೊರಬಂದವರ ಹೆಸರನ್ನು ಸಂಸ್ಥೆಗಳ ದಾಖಲೆಯಿಂದ ಈ ತಿಂಗಳೇ ಒಟ್ಟುಮಾಡಬಹುದು. ಮುಂದಿನ 12 ತಿಂಗಳಲ್ಲಿ 18 ತುಂಬುವವರ ಪಟ್ಟಿಯನ್ನು ಜನ್ಮದಿನದ ಕ್ರಮದಲ್ಲಿ ಮಾಡಿ, ಯಾರ ಖಾತೆ, ಯಾರ ಆಧಾರ್‌ಗೆ ಸ್ವಂತ ಮೊಬೈಲ್ ನಂಬರು ಬಾಕಿ ಎಂದು ಪ್ರತಿ ಹೆಸರಿನ ಮುಂದೆ ಬರೆಯಬಹುದು. ಆ ಪಟ್ಟಿಯನ್ನು, ಹೆಸರುಗಳನ್ನು ಬಿಟ್ಟು, ಎರಡೂ ಜಿಲ್ಲಾಧಿಕಾರಿಗಳು ಮುಂದಿನ ಪರಿಶೀಲನಾ ಸಭೆಗೆ ತರಿಸಿಕೊಳ್ಳಬೇಕೆಂದು ಕೋರುತ್ತೇವೆ.

ಇಂತಿ,
ಮಕ್ಕಳ ರಕ್ಷಣೆ ಮತ್ತು ಅನುಪಾಲನೆ ಕ್ಷೇತ್ರದ ಕಾರ್ಯಕರ್ತರು,
ಮೈಸೂರು ಮತ್ತು ಮಂಡ್ಯ